ಪೆಟ್ರಾದಲ್ಲಿ ನೀರಿನ ಜಾಡು ಹಿಡಿದು

ಕೇಳುಗರೆಲ್ಲರಿಗೂ ನಮಸ್ಕಾರ.

ಪೆಟ್ರಾ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಒಂದೇ ಫೋಟೋ. ಎರಡು ಬಂಡೆಗಳ ಸಂದಿಯಲ್ಲಿ ಇಣುಕುವ ಗುಲಾಬಿ ಬಣ್ಣದ ಕಂಬಗಳು. ನಾನು, ನಮ್ಮ ಯಜಮಾನರು, ಅತ್ತೆ, ಮಗಳು ಎಲ್ಲ ಸೇರಿ ಜೋರ್ಡಾನ್‌ಗೆ ಹೊರಟಿದ್ದೂ ಆ ಕಂಬಗಳನ್ನು ನೋಡಲಿಕ್ಕೇ. ನೋಡಿದೆವು, ಚೆನ್ನಾಗಿದೆ. ಆದರೆ ಅಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಗೋಡೆಯ ಬುಡದಲ್ಲಿದ್ದ ಒಂದು ಸಣ್ಣ ಕಾಲುವೆ. ಇವತ್ತು ಅದರ ಮಾತನ್ನೇ ಆಡೋಣ.

ಪೆಟ್ರಾ ಇರುವುದು ಜೋರ್ಡಾನಿನ ದಕ್ಷಿಣಕ್ಕೆ, ವಾದಿ ಮೂಸಾ ಎಂಬ ಊರಿನ ಪಕ್ಕ. ಎರಡು ಸಾವಿರ ವರ್ಷದ ಹಿಂದೆ ಇದು ನಬಾತಿಯನ್ನರ ರಾಜಧಾನಿ. ಅವರು ಅರಬ್ ವ್ಯಾಪಾರಿಗಳು. ಅರೇಬಿಯಾದ ದಕ್ಷಿಣದಿಂದ ಧೂಪದ ಅಂಟನ್ನು ಒಂಟೆಗಳ ಮೇಲೆ ಹೇರಿಕೊಂಡು ಬರುತ್ತಿದ್ದ ದಾರಿ ಅವರ ಹಿಡಿತದಲ್ಲಿತ್ತು. ದುಡ್ಡಿಗೆ ಬರವಿರಲಿಲ್ಲ. ನೀರಿಗೆ ಇತ್ತು.

ಊರೊಳಗೆ ಹೋಗುವ ದಾರಿ ಬಂಡೆ ಸೀಳಿದ ಒಂದು ಓಣಿ. ಸಿಕ್ ಅನ್ನುತ್ತಾರೆ. ಉದ್ದ ಸುಮಾರು 1.2 ಕಿಲೋಮೀಟರ್. ಕೆಲವು ಕಡೆ ಅಗಲ ಬರೀ ಮೂರು ಮೀಟರ್. ಜನ ಇಲ್ಲಿ ಓಡುತ್ತಾರೆ, ಕೊನೆಯಲ್ಲಿರುವ ಕಂಬಗಳನ್ನು ಬೇಗ ನೋಡಬೇಕು ಅಂತ. ಅತ್ತೆಯ ಮಂಡಿನೋವಿನಿಂದಾಗಿ ನಾವು ನಿಧಾನವಾಗಿ ನಡೆದೆವು. ಹಾಗಾಗಿ ಕಾಲುವೆ ಕಣ್ಣಿಗೆ ಬಿತ್ತು.

ಒಂದು ಬದಿಯಲ್ಲಿ ಬಂಡೆಯನ್ನೇ ಕೊರೆದ ಕಾಲುವೆ. ಇನ್ನೊಂದು ಬದಿಯಲ್ಲಿ ಸುಟ್ಟ ಮಣ್ಣಿನ ಕೊಳವೆಗಳ ಸಾಲು, ಒಂದರ ಬಾಯಿಗೆ ಇನ್ನೊಂದನ್ನು ಸಿಕ್ಕಿಸಿ ಗಾರೆ ಮೆತ್ತಿದ್ದು. ಈಗ ಅಲ್ಲಲ್ಲಿ ತುಂಡುಗಳಷ್ಟೇ ಉಳಿದಿವೆ. ಐನ್ ಮೂಸಾ ಎಂಬ ಬುಗ್ಗೆಯ ನೀರು ಇವುಗಳಲ್ಲಿ ಹರಿದು ಊರು ಸೇರುತ್ತಿತ್ತು. ಪಂಪು ಇಲ್ಲ, ಏನಿಲ್ಲ. ಎಲ್ಲ ಇಳಿಜಾರಿನ ಲೆಕ್ಕ. ಇಳಿಜಾರು ಜಾಸ್ತಿಯಾದರೆ ನೀರಿನ ರಭಸಕ್ಕೆ ಕೊಳವೆ ಒಡೆಯುತ್ತದೆ, ಕಮ್ಮಿಯಾದರೆ ಹೂಳು ತುಂಬುತ್ತದೆ.

ನೀರಿಲ್ಲದ್ದು ಒಂದು ಕಷ್ಟ. ನೀರು ಒಮ್ಮೆಗೇ ನುಗ್ಗುವುದು ಇನ್ನೊಂದು. ಮರುಭೂಮಿಯಲ್ಲಿ ಮಳೆ ಅಪರೂಪ, ಆದರೆ ಬಂದರೆ ಸುತ್ತಲಿನ ಬೋಳು ಬೆಟ್ಟಗಳ ನೀರೆಲ್ಲ ಈ ಓಣಿಗೇ. ಅದಕ್ಕೇ ನಬಾತಿಯನ್ನರು ಸಿಕ್‌ನ ಬಾಯಲ್ಲೇ ಒಂದು ಅಡ್ಡಗಟ್ಟೆ ಕಟ್ಟಿದರು. ಪಕ್ಕದ ಬಂಡೆಯಲ್ಲಿ ಸುರಂಗ ಕೊರೆದು ಪ್ರವಾಹವನ್ನು ಬೇರೆ ಕಣಿವೆಗೆ ತಿರುಗಿಸಿದರು. ಕಾಲಕ್ರಮದಲ್ಲಿ ಆ ಕಟ್ಟೆ ಹಾಳಾಯಿತು. 1963ರಲ್ಲಿ ಸಿಕ್‌ಗೆ ನೀರು ನುಗ್ಗಿ 20ಕ್ಕೂ ಹೆಚ್ಚು ಫ್ರೆಂಚ್ ಪ್ರವಾಸಿಗರು ಸತ್ತರು. ಆಮೇಲೆ ಸರ್ಕಾರ ಹಳೆಯ ಜಾಗದಲ್ಲೇ ಮತ್ತೆ ಕಟ್ಟೆ ಕಟ್ಟಿಸಿತು. ಮಕ್ಕಳನ್ನು ಕರೆದುಕೊಂಡು ಹೋಗುವವರು ಹವಾಮಾನ ನೋಡಿಯೇ ಹೊರಡಿ. ಮಳೆಯ ಸೂಚನೆಯಿದ್ದರೆ ಬಾಗಿಲು ಮುಚ್ಚುತ್ತಾರೆ, ವಾದ ಮಾಡಬೇಡಿ.

ಸಿಕ್‌ನ ನಡುವೆ ಇನ್ನೊಂದು ಕಡೆ ನಿಲ್ಲಬೇಕು. ಗೋಡೆಯಲ್ಲಿ ಒಂಟೆಗಳ ಸಾಲು ಕೆತ್ತಿದ್ದಾರೆ. ಮೇಲಿನ ಭಾಗ ಸವೆದುಹೋಗಿದೆ. ಉಳಿದಿರುವುದು ಒಂಟೆಯ ಕಾಲುಗಳು, ಮುಂದೆ ನಡೆಯುವವನ ನಿಲುವಂಗಿಯ ಅಂಚು, ಅವನ ಎರಡು ಪಾದ. ಮಗಳು ತನ್ನ ಕಾಲನ್ನು ಆ ಪಾದದ ಹತ್ತಿರ ಇಟ್ಟು ಅಳತೆ ನೋಡಿದಳು. ಅವನದೇ ದೊಡ್ಡದು, ಬಿಡಿ.

ಇನ್ನು ಆ ಕಂಬಗಳ ಕಟ್ಟಡ, ಅಲ್ ಖಝ್ನೆ. ಎತ್ತರ ಸುಮಾರು 40 ಮೀಟರ್. ಬಂಡೆಯನ್ನೇ ಮೇಲಿನಿಂದ ಕೆಳಕ್ಕೆ ಕೆತ್ತುತ್ತಾ ಬಂದಿದ್ದಾರೆ. ಹೆಸರಿನ ಅರ್ಥ ಖಜಾನೆ, ಆದರೆ ಅದು ಸಮಾಧಿ. ತುದಿಯಲ್ಲಿರುವ ಕಲ್ಲಿನ ಕೊಡದೊಳಗೆ ನಿಧಿಯಿದೆ ಅಂತ ಅದಕ್ಕೆ ಗುಂಡು ಹೊಡೆದವರಿದ್ದಾರೆ. ಗುರುತು ಇನ್ನೂ ಕಾಣುತ್ತದೆ. ಕೊಡ ಒಳಗೂ ಕಲ್ಲೇ. “ಪಾಪ, ಸುಮ್ನೆ ಗುಂಡು ದಂಡ” ಅಂದರು ಅತ್ತೆ. ಬೆಳಗಿನ ಬಿಸಿಲು ಬಿದ್ದಾಗ ಬಣ್ಣ ಏರುತ್ತದೆ, ಆದರೆ ಗದ್ದಲವೂ ಆಗಲೇ ಜಾಸ್ತಿ.

ಖರ್ಚಿನ ಮಾತು ಬೇಗ ಮುಗಿಸುತ್ತೇನೆ. ಜೋರ್ಡಾನಿನಲ್ಲಿ ರಾತ್ರಿ ತಂಗುವವರಿಗೆ ಒಂದು ದಿನದ ಟಿಕೆಟ್ 50 ದಿನಾರ್. ದುಬಾರಿಯೇ. 12 ವರ್ಷದೊಳಗಿನ ಮಕ್ಕಳಿಗೆ ಉಚಿತ. ನಡೆಯಲಾಗದವರಿಗೆ ಖಝ್ನೆವರೆಗೆ ಬ್ಯಾಟರಿ ಗಾಡಿ ಇದೆ, ಅದಕ್ಕೆ ಬೇರೆ ದುಡ್ಡು. ಅದ್ ದೈರ್ ಎಂಬ ಇನ್ನೊಂದು ದೊಡ್ಡ ಕಟ್ಟಡಕ್ಕೆ ಸುಮಾರು 800 ಮೆಟ್ಟಿಲು ಹತ್ತಬೇಕು. ಕತ್ತೆ ಮೇಲೆ ಕೂರಿಸಿಕೊಂಡು ಹೋಗುತ್ತೇವೆ ಅನ್ನುತ್ತಾರೆ. ಆ ಬಿಸಿಲಲ್ಲಿ, ಆ ಮೆಟ್ಟಿಲಲ್ಲಿ ನನಗೆ ಅದು ಹಿಡಿಸಲಿಲ್ಲ. ಯಜಮಾನರು ಮತ್ತು ಮಗಳು ನಡೆದೇ ಹತ್ತಿದರು.

ಅತ್ತೆ ಮತ್ತು ನಾನು ಕೆಳಗೆ, ಕಂಬಸಾಲಿನ ಬೀದಿಯಲ್ಲಿ ಉಳಿದೆವು. ಅಲ್ಲಿ ದೊಡ್ಡ ದೇವಸ್ಥಾನ ಅಂತ ಕರೆಯುವ ಅವಶೇಷದ ಪಕ್ಕ ಒಂದು ಬಯಲಿದೆ. ನೋಡಲು ಏನೂ ಇಲ್ಲ ಅಂತ ಎಲ್ಲರೂ ದಾಟಿಹೋಗುತ್ತಾರೆ. ಹಿಂದೆ ಅದನ್ನು ಸಂತೆ ಜಾಗ ಅಂದುಕೊಂಡಿದ್ದರು. 1998ರಲ್ಲಿ ಅಗೆದಾಗ ಸಿಕ್ಕಿದ್ದು ಕೊಳ! ಸುಮಾರು 43 ಮೀಟರ್ ಉದ್ದ, 23 ಮೀಟರ್ ಅಗಲ. ನಡುವೆ ದ್ವೀಪದ ಹಾಗೆ ಒಂದು ಮಂಟಪ, ಮುಂದೆ ತೋಟ. ಬಾಯಾರಿ ಬಂದ ಒಂಟೆ ವ್ಯಾಪಾರಿಗೆ ಹೀಗೆ ತುಂಬಿ ನಿಂತ ನೀರನ್ನು ತೋರಿಸುವುದಿದೆಯಲ್ಲ, ಶ್ರೀಮಂತಿಕೆ ಮೆರೆಸಲು ಇದಕ್ಕಿಂತ ಇನ್ನೇನು ಬೇಕು? ಚಿನ್ನ ಎಲ್ಲರ ಹತ್ತಿರವೂ ಇರುತ್ತಿತ್ತು. ನೀವು ಹೋದರೆ ಆ ಬಯಲನ್ನು ದಾಟಿಹೋಗಬೇಡಿ, ಅರ್ಧ ಗಂಟೆ ಅಲ್ಲಿಗೇ ಇಡಿ.

ನಮಸ್ಕಾರ.