ಹಳ್ಳಿ ಪಕ್ಕ ನೂರು ಮನೆ ಬಂದರೆ ರಸ್ತೆಗೆ ಎಷ್ಟು ಗಾಡಿ?

ಕೇಳುಗರಿಗೆಲ್ಲ ನಮಸ್ಕಾರ.

ಒಂದು ಹಳ್ಳಿಯ ಅಂಚಿನಲ್ಲಿ 100 ಮನೆಗಳ ಬಡಾವಣೆ ಬರುತ್ತದೆ ಅಂತ ಇಟ್ಟುಕೊಳ್ಳಿ. ಅದಕ್ಕೆ ಅನುಮತಿ ಕೇಳುವ ಅರ್ಜಿಯ ಜೊತೆ ಒಂದು ಸಂಚಾರ ವರದಿಯೂ ಬರುತ್ತದೆ. ಈಗಿರುವ ರಸ್ತೆ ಹೊಸ ಗಾಡಿಗಳನ್ನು ತಡೆದುಕೊಳ್ಳುತ್ತದೆ ಅಂತ ಅದರಲ್ಲಿ ಬರೆದಿರುತ್ತಾರೆ. ಲೆಕ್ಕದ ಮಟ್ಟಿಗೆ ಆ ಮಾತು ಎಷ್ಟೋ ಸಲ ಸರಿಯೇ. ಆದರೆ ಆ ರಸ್ತೆಯ ಪಕ್ಕ ಬಾಳುವವರ ಪ್ರಶ್ನೆ ಬೇರೆಯೇ ಇರುತ್ತದೆ. ಅದನ್ನು ಲೆಕ್ಕ ಹಾಕಿಯೇ ನೋಡೋಣ.

ಮೊದಲು ಟ್ರಿಪ್. ಮನೆಯಿಂದ ಹೊರಟಿದ್ದು ಒಂದು ಟ್ರಿಪ್, ವಾಪಸ್ ಬಂದಿದ್ದು ಇನ್ನೊಂದು. ಅಮೆರಿಕದ ಸಾರಿಗೆ ಎಂಜಿನಿಯರುಗಳ ಸಂಸ್ಥೆ ಐಟಿಇ ಇಂಥ ಎಣಿಕೆಗಳನ್ನು ದಶಕಗಳಿಂದ ಕೂಡಿಹಾಕಿದೆ. ಅವರ ಲೆಕ್ಕದಲ್ಲಿ ಒಂದು ಬಿಡಿ ಮನೆಗೆ ಕೆಲಸದ ದಿನ ಸುಮಾರು 9.4 ಟ್ರಿಪ್. ಅದರಲ್ಲಿ ಹೆಚ್ಚುಕಡಿಮೆ ಒಂದು ಟ್ರಿಪ್ ಸಂಜೆಯ ಪೀಕ್ ಗಂಟೆಯಲ್ಲೇ, ಅಂದರೆ ಗಾಡಿ ಅತಿ ಹೆಚ್ಚು ಓಡುವ ಗಂಟೆಯಲ್ಲೇ ಬೀಳುತ್ತದೆ. ಅಂದರೆ 100 ಮನೆಗೆ ದಿನಕ್ಕೆ 940, ಆ ಒಂದು ಗಂಟೆಯಲ್ಲಿ 94. ಅಷ್ಟರಲ್ಲಿ ಸುಮಾರು 60 ಒಳಗೆ ಬರುವ ಗಾಡಿ, ಉಳಿದದ್ದು ಹೊರಗೆ ಹೋಗುವುದು. ಬೆಳಿಗ್ಗೆ ಇದು ತಿರುವುಮುರುವು.

ಈ 9.4 ಅನ್ನುವ ಸಂಖ್ಯೆಯನ್ನು ಕಣ್ಣು ಮುಚ್ಚಿ ತೆಗೆದುಕೊಳ್ಳಬಾರದು. ಅದು ಬಹುಪಾಲು ಅಲ್ಲಿನ ನಗರಗಳ ಹೊರವಲಯದಲ್ಲಿ ಎಣಿಸಿದ್ದು. ಕಾರು ಕಡಿಮೆ ಇರುವ ಕಡೆ ಅದು ತುಂಬಾ ಜಾಸ್ತಿ ಆಗಬಹುದು. ಇನ್ನೊಂದು ಕಡೆ, ಬಸ್ ನಿಲ್ದಾಣದ ಪಕ್ಕದ ಬಡಾವಣೆಯಲ್ಲಿ ಎಣಿಸಿದ ಸಂಖ್ಯೆಯನ್ನು ತಂದು, ಬಸ್ಸೇ ಬಾರದ, ಅಂಗಡಿಗೂ ಶಾಲೆಗೂ ಗಾಡಿಯಲ್ಲೇ ಹೋಗಬೇಕಾದ ಜಾಗಕ್ಕೆ ಅಂಟಿಸಿದರೆ ಲೆಕ್ಕ ಕಡಿಮೆ ಬರುತ್ತದೆ. ವರದಿಯಲ್ಲಿ ನಾನು ಮೊದಲು ಹುಡುಕುವುದು ಇದನ್ನೇ: ಮನೆಗೆ ಇಷ್ಟು ಟ್ರಿಪ್ ಅನ್ನುವ ಈ ದರ ಯಾವ ಊರಿನಿಂದ ಬಂತು, ಆ ಊರು ಈ ಜಾಗದ ಹಾಗೆ ಇದೆಯಾ?

ಈಗ ರಸ್ತೆ ತಡೆದುಕೊಳ್ಳುತ್ತದೆ ಅನ್ನುವ ಮಾತಿಗೆ ಬರೋಣ. ಅಮೆರಿಕದ ಹೆದ್ದಾರಿ ಸಾಮರ್ಥ್ಯದ ಕೈಪಿಡಿ ಪ್ರಕಾರ, ಎಲ್ಲವೂ ಚೆನ್ನಾಗಿರುವ ಎರಡು ಲೇನ್ ರಸ್ತೆಯಲ್ಲಿ ಒಂದು ದಿಕ್ಕಿಗೆ ಗಂಟೆಗೆ ಸುಮಾರು 1,700 ಕಾರು ಹೋಗಬಹುದು. ಅದರ ಮುಂದೆ 94 ಯಾವ ಲೆಕ್ಕ, ಅಲ್ವಾ? ಆದರೆ ನಮ್ಮ ಈ ಹಳ್ಳಿ ರಸ್ತೆಯಲ್ಲಿ ಇವತ್ತು ಸಂಜೆ ಗಂಟೆಗೆ 40 ಗಾಡಿ ಓಡುತ್ತಿದ್ದರೆ, ಒಂದೂವರೆ ನಿಮಿಷಕ್ಕೆ ಒಂದು ಬಂದಂತೆ. 94 ಸೇರಿದರೆ 134, ಅಂದರೆ 27 ಸೆಕೆಂಡಿಗೆ ಒಂದು. ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ಮಗುವಿನ ಕೈ ಹಿಡಿದು ನಡೆಯುವವರಿಗೆ, ಸೈಕಲ್ಲಿನವರಿಗೆ, ನಿಧಾನಕ್ಕೆ ದಾಟುವ ಮುದುಕರಿಗೆ ಇದು ಸಣ್ಣ ಬದಲಾವಣೆಯಲ್ಲ. ಇದು ಆ ಸಾಮರ್ಥ್ಯದ ಸಂಖ್ಯೆಯೊಳಗೆ ಎಲ್ಲೂ ಕಾಣುವುದಿಲ್ಲ. ಇದೇ ನನ್ನ ಮುಖ್ಯ ತಕರಾರು.

ಅಗಲವನ್ನೂ ಅಳೆಯಬೇಕು. ಎರಡು ಕಾರು ನಿಧಾನವಾಗಿ ಎದುರುಬದುರು ಹೋಗಲು 4 ಮೀಟರಿಗಿಂತ ಸ್ವಲ್ಪ ಹೆಚ್ಚು ಜಾಗ ಬೇಕು, ಒಂದು ಕಾರು ಒಂದು ಲಾರಿಗೆ ಸುಮಾರು 4.8 ಮೀಟರ್. ರಸ್ತೆ ಅದಕ್ಕಿಂತ ಕಿರಿದಾಗಿದ್ದರೆ ಒಬ್ಬರು ನಿಲ್ಲಬೇಕು, ಇಲ್ಲವೇ ಚರಂಡಿ ಕಡೆಗೆ ಇಳಿಯಬೇಕು.

ನಿಜವಾದ ಅಪಾಯ ಇರುವುದು ಬಡಾವಣೆಯ ರಸ್ತೆ ದೊಡ್ಡ ರಸ್ತೆಗೆ ಸೇರುವ ಕಡೆ. ಗಂಟೆಗೆ 80 ಕಿಲೋಮೀಟರ್ ವೇಗದ ಗಾಡಿ ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಚಾಲಕ ನೋಡಿ, ತಿಳಿದು, ಕಾಲು ಬ್ರೇಕಿಗೆ ಹೋಗಲು ಎರಡೂವರೆ ಸೆಕೆಂಡ್ ಅಂತ ವಿನ್ಯಾಸದಲ್ಲಿ ಹಿಡಿಯುತ್ತಾರೆ. ಬ್ರೇಕ್ ಬೀಳುವ ಮೊದಲೇ 55 ಮೀಟರ್ ಹೋಯಿತು. ನಿಲ್ಲುವಷ್ಟರಲ್ಲಿ 120 ಮೀಟರ್ ದಾಟುತ್ತದೆ. ಹಾಗಾಗಿ ಅಷ್ಟು ದೂರದ ನೋಟ ಸಿಗುತ್ತದಾ, ಪೊದೆ, ದಿಣ್ಣೆ, ತಿರುವು ಅಡ್ಡ ಬರುತ್ತವಾ ಅಂತ ಆ ಜಾಗದಲ್ಲೇ ನಿಂತು ನೋಡಬೇಕು. ಬೋರ್ಡಿನಲ್ಲಿ ಬರೆದ ವೇಗ ಹಿಡಿದು ಲೆಕ್ಕ ಹಾಕಿದರೆ ಸಾಲದು. ಜನ ನಿಜಕ್ಕೂ ಓಡಿಸುವ ವೇಗ ಅಳೆಯಬೇಕು.

ಎಣಿಕೆ ಮಾಡಿದ ದಿನವನ್ನೂ ಕೇಳಿ. ಶಾಲೆಗೆ ರಜೆ ಇದ್ದಾಗ ಎಣಿಸಿದ್ದರೆ ಅದು ಕೆಲಸಕ್ಕೆ ಬಾರದು. ಸುಗ್ಗಿಯಲ್ಲಿ ಟ್ರ್ಯಾಕ್ಟರು ಜಾಸ್ತಿ ಇರುವ ರಸ್ತೆಯಾದರೆ ಆ ಕಾಲದಲ್ಲೂ ಎಣಿಸಬೇಕು. ಪಕ್ಕದಲ್ಲೇ ಇನ್ನೆರಡು ಬಡಾವಣೆಗೆ ಒಪ್ಪಿಗೆ ಸಿಕ್ಕಿದ್ದರೆ, ಮೂರನ್ನೂ ಕೂಡಿಸದೆ ಒಂದೊಂದನ್ನೇ ಬೇರೆ ಬೇರೆ ತೋರಿಸುವುದು ಖಂಡಿತ ತಪ್ಪು.

ಇನ್ನು ಕಟ್ಟುವ ಕಾಲದ ಲಾರಿಗಳು. 1958ರಿಂದ 1960ರವರೆಗೆ ಅಮೆರಿಕದಲ್ಲಿ ದೊಡ್ಡ ರಸ್ತೆ ಪರೀಕ್ಷೆ ನಡೆಯಿತು. ರಸ್ತೆಗೆ ಆಗುವ ಹಾನಿ ಆಕ್ಸಲ್, ಅಂದರೆ ಎರಡು ಬದಿಯ ಚಕ್ರಗಳನ್ನು ಜೋಡಿಸುವ ಅಚ್ಚಿನ ಮೇಲಿನ ಭಾರದ ಸುಮಾರು ನಾಲ್ಕನೇ ಘಾತದಷ್ಟು ಏರುತ್ತದೆ ಅಂತ ಅದರಿಂದ ತಿಳಿಯಿತು. ಭಾರ ಎರಡರಷ್ಟಾದರೆ ಹಾನಿ 16 ಪಟ್ಟು. ತೆಳ್ಳಗಿನ ಹಳ್ಳಿ ರಸ್ತೆ ಮೊದಲ ಮನೆಗೆ ಜನ ಬರುವ ಮುಂಚೆಯೇ ಕಿತ್ತುಹೋಗಬಹುದು.

ಅದಕ್ಕೇ ಲಾರಿಗಳು ಯಾವ ದಾರಿಯಲ್ಲಿ ಬರಬೇಕು, ಹಾಳಾದ ರಸ್ತೆಯನ್ನು ಯಾರ ದುಡ್ಡಲ್ಲಿ ಸರಿ ಮಾಡಬೇಕು, ಮನೆಗಳು ತುಂಬಿದ ಮೇಲೆ ಮತ್ತೆ ಎಣಿಸಿ ಅಂದಾಜಿಗಿಂತ ಜಾಸ್ತಿ ಬಂದರೆ ಏನು ಮಾಡಬೇಕು, ಇವೆಲ್ಲ ಅನುಮತಿ ಪತ್ರದ ಷರತ್ತುಗಳಲ್ಲೇ ಇರಲಿ. ವರದಿ ಇನ್ನೂ ಕರಡಾಗಿರುವಾಗಲೇ ಇದನ್ನು ಬರಹದಲ್ಲಿ ಕೇಳಿ.

ನಮಸ್ಕಾರ.