ಕೆಸರಿನಿಂದ ಎಳೆದವರಿಗೆ ನಾವು ಕೊಟ್ಟಿದ್ದೇನು?

ಎಲ್ಲರಿಗೂ ನಮಸ್ಕಾರ. ವನ್ಯಜೀವಿ ಸಪ್ತಾಹ ಅಂದ ಮೇಲೆ ರಾಜಹಂಸದ ಚಿತ್ರ ತೋರಿಸುತ್ತಾರೆ ಅಂತ ನೀವು ಕಾದಿರಬಹುದು. ಇವತ್ತು ಒಂದೂ ಚಿತ್ರ ತಂದಿಲ್ಲ. ರೊಕ್ಕದ ಮಾತು ಆಡಬೇಕು ಅಂತ ಬಂದಿದ್ದೇನೆ. ಹಕ್ಕಿ ನೋಡುವ ನಾವು ಯಾರಿಗೆ ಎಷ್ಟು ಕೊಡುತ್ತಿದ್ದೇವೆ, ನಮಗೆ ಏನಾದರೂ ಆದರೆ ಅದರ ಖರ್ಚು ಯಾರ ತಲೆಗೆ ಬೀಳುತ್ತದೆ ಅನ್ನೋ ಮಾತು.

ನಾಲ್ಕು ವರ್ಷದ ಹಿಂದೆ, ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ, ಹೆರಕಲ್ ಹತ್ತಿರದ ಹಿನ್ನೀರಿಗೆ ಹೋಗಿದ್ದೆ. ನಿಮಗೆ ಗೊತ್ತಿರುವ ಜಾಗವೇ. ಮಳೆಗಾಲ ಮುಗಿಯುವಾಗ ಆಲಮಟ್ಟಿ ಜಲಾಶಯ ತುಂಬಿ ನೀರಿನ ಮಟ್ಟ ಸಮುದ್ರಮಟ್ಟದಿಂದ 519.60 ಮೀಟರಿಗೆ ಬರುತ್ತದೆ, ಆಮೇಲೆ ಕಾಲುವೆಗೆ ನೀರು ಬಿಟ್ಟ ಹಾಗೆ ಹಿನ್ನೀರು ಹಿಂದೆ ಸರಿಯುತ್ತದೆ, ಸರಿದ ಕಡೆಯೆಲ್ಲ ಕೆಸರು ಬಯಲಾಗುತ್ತದೆ. ಹಕ್ಕಿಗಳು ಬರುವುದೇ ಆ ಕೆಸರಿಗೆ. ನಾನು ರಾಜಹಂಸದ ಹಿಂಡಿಗೆ ಇನ್ನೂ ಸ್ವಲ್ಪ ಹತ್ತಿರ ಹೋಗೋಣ ಅಂತ ಹೆಜ್ಜೆ ಹಾಕಿದೆ. ಮೇಲೆ ನೋಡಿದರೆ ಎರೆಮಣ್ಣು ಬಿರುಕು ಬಿಟ್ಟು ಗಟ್ಟಿಯಾಗಿ ಕಾಣುತ್ತಿತ್ತು. ಹಪ್ಪಳದ ಹಾಗೆ. ಒಳಗೆ ಮಾತ್ರ ಅಂಬಲಿ. ಬಲಗಾಲು ಮೊಣಕಾಲಿನವರೆಗೆ ಹೋಯಿತು. ಅದನ್ನು ಎತ್ತಲು ಎಡಗಾಲಿನ ಮೇಲೆ ಭಾರ ಹಾಕಿದೆ, ಅದು ತೊಡೆಯವರೆಗೆ ಇಳಿಯಿತು. ಎಳೆದಷ್ಟೂ ಕೆಳಗಿನಿಂದ ಯಾರೋ ಹಿಡಿದುಕೊಂಡ ಹಾಗೆ. ಅರ್ಧ ಗಂಟೆಯಲ್ಲಿ ಸೊಂಟದವರೆಗೆ ಹೋಗಿದ್ದೆ.

ಫೋನ್ ಇತ್ತು, ಸಿಗ್ನಲ್ ಕೂಡ ಇತ್ತು. ಆದರೂ ನಾನು ತಕ್ಷಣ 112ಕ್ಕೆ ಫೋನ್ ಮಾಡಲಿಲ್ಲ. ಯಾಕೆ ಅಂತ ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಅಗ್ನಿಶಾಮಕದವರು ಬಂದರೆ ಎಷ್ಟು ಬಿಲ್ ಆಗುತ್ತದೋ, ಕೇಸ್ ಹಾಕುತ್ತಾರೋ ಏನೋ ಅನ್ನೋ ಭಯ. ಬಿಲ್ ಕೊಡುವ ಪದ್ಧತಿ ಇದೆಯಾ ಇಲ್ಲವಾ ಅನ್ನೋದೂ ಗೊತ್ತಿರಲಿಲ್ಲ, ಭಯ ಮಾತ್ರ ಇತ್ತು. ಸೊಂಟದವರೆಗೆ ಹೂತುಹೋದ ಮನುಷ್ಯ ಖರ್ಚಿನ ಲೆಕ್ಕ ಹಾಕುತ್ತಾ ನಿಂತಿದ್ದ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನನ್ನನ್ನು ನೋಡಿದ್ದು ಒಬ್ಬ ಮೀನುಗಾರ ಕಾಕಾ. ಬಲೆ ಎತ್ತುತ್ತಿದ್ದವರು ಅದನ್ನು ಅರ್ಧಕ್ಕೇ ಬಿಟ್ಟು, ದಂಡೆಯಿಂದ ಮಗನನ್ನು ಕೂಗಿ, ಗುಡಿಸಲಿನ ಬಿದಿರಿನ ಏಣಿ ತರಿಸಿದರು. ದೂರದಿಂದಲೇ ಒಂದೇ ಸಮನೆ ಕೂಗುತ್ತಿದ್ದರು. "ಕಾಲು ಎಳೀಬ್ಯಾಡ್ರಿ ಸರ್! ಕುಂತಂಗ ಮಾಡಿ ಹಿಂದಕ್ಕ ಒರಗ್ರಿ!" ಏಣಿಯನ್ನು ಕೆಸರಿನ ಮೇಲೆ ಮಲಗಿಸಿ, ಅದರ ಮೇಲೆ ಹೊಟ್ಟೆ ಊರಿ ತೆವಳುತ್ತಾ ಬಂದು, ನನ್ನ ಕಂಕುಳಿಗೆ ಹಗ್ಗ ಹಾಕಿ, ಮೊದಲು ಒಂದು ಕಾಲಿನ ಸುತ್ತ ಕೈಯಿಂದ ಕೆಸರು ತೆಗೆದು ನೀರು ಬಿಟ್ಟು, ಆಮೇಲೆ ಇನ್ನೊಂದು. ಎರಡು ಗಂಟೆ ಹಿಡಿಯಿತು. ಅಷ್ಟರಲ್ಲಿ ಅವರ ಬಲೆ ಗಾಳಿಗೆ ಹೋಗಿ ಜಾಲಿಮುಳ್ಳಿಗೆ ಸಿಕ್ಕಿ ಹರಿದಿತ್ತು. ಆ ದಿನದ ಮೀನೂ ಇಲ್ಲ. ನಾನು ಐನೂರರ ನೋಟು ತೆಗೆದೆ. ಕಾಕಾ ಮುಟ್ಟಲಿಲ್ಲ. "ಬಿದ್ದೋರನ್ನ ಎತ್ತಾಕ ರೊಕ್ಕ ಇಸ್ಕೋತಾರೇನ್ರಿ?" ಅಂದರು.

ಅವರು ದೊಡ್ಡವರು, ಬೇಡ ಅಂದರು. ಆದರೆ ಲೆಕ್ಕ ಅಲ್ಲಿಗೆ ಮುಗಿಯುತ್ತದಾ? ಆ ನೀರಿನಲ್ಲಿ ಬಲೆ ಹಾಕಲು ಅವರು ಪ್ರತಿ ವರ್ಷ ಹಣ ಕಟ್ಟಿ ಲೈಸೆನ್ಸ್ ಮಾಡಿಸುತ್ತಾರೆ. ಅದೇ ನೀರಿನ ಹಕ್ಕಿ ನೋಡಲು ನಾನು ಹದಿನೈದು ವರ್ಷದಿಂದ ಹೋಗುತ್ತಿದ್ದೇನೆ, ಒಂದು ಪೈಸೆ ಕಟ್ಟಿಲ್ಲ. ಇನ್ನೊಂದು ಮಾತು, ಇದನ್ನು ಬಾಗಲಕೋಟೆಯಲ್ಲಿ ನಿಂತು ಹೇಳದಿದ್ದರೆ ತಪ್ಪಾಗುತ್ತದೆ. ನಾನು ಹೂತುಹೋದ ಆ ಕೆಸರು ಒಂದು ಕಾಲಕ್ಕೆ ಯಾರದೋ ಎರೆಹೊಲ. ಜೋಳ, ಕಡಲೆ ಬೆಳೆದ ನೆಲ. ಇಲ್ಲಿ ಕುಳಿತವರಲ್ಲಿ ಎಷ್ಟು ಮನೆಯವರ ಹೊಲ ಆ ನೀರಿನ ಕೆಳಗಿದೆ! ಈ ನವನಗರ ಹುಟ್ಟಿದ್ದೇ ಮುಳುಗಡೆಯಿಂದ. ಹಕ್ಕಿಗಳಿಗೆ ಜಾಗ ಕೊಟ್ಟವರು ನೀವು. ಕಟ್ಟಬೇಕಾದ ಬಾಕಿ ಇರುವುದು ಬೈನಾಕ್ಯುಲರ್ ಹಿಡಿದು ಬರುವ ನಮ್ಮದು.

ಹಣ ಯಾರು ಕೊಡಬೇಕು ಅನ್ನೋ ಈ ಜಗಳ ಅಮೆರಿಕದಲ್ಲಿ ಹಳೆಯದು. ಅಲ್ಲಿ 1934ರಿಂದ ಬಾತುಕೋಳಿ ಬೇಟೆಗೆ ಹೋಗುವವರು ಒಂದು ಸ್ಟ್ಯಾಂಪ್ ಕೊಳ್ಳಬೇಕು, ಅದಕ್ಕೆ ಡಕ್ ಸ್ಟ್ಯಾಂಪ್ ಅಂತಾರೆ. ಮೊದಲು ಒಂದು ಡಾಲರ್ ಇತ್ತು, ಈಗ 25. ಪ್ರತಿ ಡಾಲರಿನಲ್ಲಿ 98 ಸೆಂಟ್ ಜೌಗು ನೆಲ ಕೊಳ್ಳಲು, ಉಳಿಸಲು ಹೋಗುತ್ತದೆ. ಬೇಟೆಯ ಬಂದೂಕು, ಮದ್ದುಗುಂಡುಗಳ ಮೇಲೆ ಮೊದಲೇ ಇದ್ದ ತೆರಿಗೆಯ (ಈಗ ಶೇ. 11) ಹಣ 1937ರ ಒಂದು ಕಾನೂನಿನಿಂದ ರಾಜ್ಯಗಳ ವನ್ಯಜೀವಿ ಕೆಲಸಕ್ಕೆ ಹೋಗುವಂತಾಯಿತು. ಹಾಗಾಗಿ ಅಲ್ಲಿನ ಬೇಟೆಗಾರರು ಕೇಳುತ್ತಾರೆ: ಈ ನೆಲ ಉಳಿದದ್ದು ನಮ್ಮ ದುಡ್ಡಿನಿಂದ, ಹಕ್ಕಿ ನೋಡುವವರು ಪುಕ್ಕಟೆ ಬಂದು ಹೋಗುತ್ತಾರಲ್ಲ? 1990ರ ದಶಕದಲ್ಲಿ ಬೈನಾಕ್ಯುಲರ್, ಹಕ್ಕಿ ಕಾಳು, ಟೆಂಟುಗಳ ಮೇಲೂ ಅಂಥದೇ ತೆರಿಗೆ ಹಾಕೋಣ ಅಂತ ಪ್ರಯತ್ನ ನಡೆಯಿತು, ಆಗಲಿಲ್ಲ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ, ಆಮೇಲೆ ಅದರ 1991ರ ತಿದ್ದುಪಡಿ ಬೇಟೆಯ ಬಾಗಿಲು ಹಾಕಿದವು. ಒಳ್ಳೆಯದೇ ಆಯಿತು. ಆದರೆ ಬೇಟೆಗಾರನ ದುಡ್ಡು ಇಲ್ಲದ ಮೇಲೆ, ಕಾಡಿನಿಂದ ಸಂತೋಷ ಪಡೆಯುವ ನಾವಾದರೂ ಕೊಡಬೇಕಲ್ವಾ?

ರಕ್ಷಣೆಯ ಖರ್ಚಿಗೂ ಅಲ್ಲಿ ದಾರಿ ಹುಡುಕಿದ್ದಾರೆ. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಬೆಟ್ಟದಲ್ಲಿ ಸಿಕ್ಕಿಕೊಂಡವರನ್ನು ಹುಡುಕುವುದು ಮೀನು ಮತ್ತು ಬೇಟೆ ಇಲಾಖೆಯ ಕೆಲಸ. ಖರ್ಚು ತೂಗದೆ 2015ರಲ್ಲಿ ಒಂದು ಕಾರ್ಡ್ ತಂದರು. ಒಬ್ಬರಿಗೆ ವರ್ಷಕ್ಕೆ 25 ಡಾಲರ್, ಮನೆಮಂದಿಗೆಲ್ಲ ಸೇರಿ 35. ಕಾರ್ಡ್ ಇದ್ದವರು ಅಜಾಗರೂಕತೆಯಿಂದ ಸಿಕ್ಕಿಕೊಂಡರೂ ಬಿಲ್ ಇಲ್ಲ. ಹುಚ್ಚು ಸಾಹಸ ಮಾಡಿದವರಿಗೆ ಮಾತ್ರ ಕಾರ್ಡ್ ಇದ್ದರೂ ಬಿಲ್ ಬರಬಹುದು. ಕೊಲೊರಾಡೊದಲ್ಲಿ ಬೇಟೆ, ಮೀನು ಲೈಸೆನ್ಸಿನ ಜೊತೆಗೇ 25 ಸೆಂಟ್ ರಕ್ಷಣಾ ನಿಧಿಗೆ ಸೇರಿಸಿದರು. ಲೈಸೆನ್ಸ್ ಇಲ್ಲದವರು ಬೇಕಿದ್ದರೆ ಕೆಲವೇ ಡಾಲರಿನ ಕಾರ್ಡ್ ಕೊಳ್ಳಬಹುದು. ಆ ನಿಧಿಯಿಂದ ರಕ್ಷಣೆಗೆ ಹೋದ ತಂಡದ ಖರ್ಚು ತುಂಬಿಕೊಡುತ್ತಾರೆ.

ಎರಡರಲ್ಲಿ ನನಗೆ ಹಿಡಿಸಿದ್ದು ಎರಡನೆಯದು. ಆಮೇಲೆ ಬಿಲ್ ಕೊಡುತ್ತೇವೆ ಅಂದರೆ ಏನಾಗುತ್ತದೆ ಅನ್ನೋದನ್ನು ನಾನು ಕೆಸರಿನಲ್ಲಿ ನಿಂತು ಕಂಡಿದ್ದೇನೆ. ಜನ ಫೋನ್ ಮಾಡಲು ತಡ ಮಾಡುತ್ತಾರೆ. ತಡವಾದರೆ ಕತ್ತಲಾಗುತ್ತದೆ, ಎತ್ತಲು ಬರುವವರ ಜೀವಕ್ಕೂ ಅಪಾಯ. ಅದಕ್ಕೆ ಮೊದಲೇ ಎಲ್ಲರಿಂದ ಸ್ವಲ್ಪ ಸ್ವಲ್ಪ ತಗೊಳ್ಳಿ, ಸಿಕ್ಕಿಕೊಂಡವನ ಹತ್ತಿರ ಆಗ ಏನೂ ಕೇಳಬೇಡಿ. ಬೋರ್ಡ್ ಇದ್ದರೂ ದಾಟಿ ಹೋದವರು, ಹಿಂಡಿನ ಮೇಲೆ ಡ್ರೋನ್ ಹಾರಿಸಲು ಹೋಗಿ ಸಿಕ್ಕಿಕೊಂಡವರು ಇವರಿಗೆ ದಂಡ ಹಾಕಿ, ನನ್ನದೇನೂ ತಕರಾರಿಲ್ಲ.

ಇದಕ್ಕೆ ಹೊಸ ಕಾನೂನು ಬೇಕಾ ಅಂತ ಕೇಳಬಹುದು. ಅಭಯಾರಣ್ಯಗಳ ಮಟ್ಟಿಗೆ ಬೇಡ. 1972ರ ಕಾಯ್ದೆಯ 28ನೇ ಕಲಂ ಅಧ್ಯಯನ, ಫೋಟೋಗ್ರಫಿ, ಪ್ರವಾಸಕ್ಕೆ ಪರವಾನಗಿ ಕೊಡಲು, ಅದಕ್ಕೆ ಶುಲ್ಕ ತಗೊಳ್ಳಲು ಅವಕಾಶ ಕೊಟ್ಟಿದೆ. ಗೋಕಾಕ ತಾಲ್ಲೂಕಿನ ಘಟಪ್ರಭಾ ಪಕ್ಷಿಧಾಮ 1974ರಿಂದ ಇದೆ. ಖಾನಾಪುರದ ಭೀಮಗಡ 2011ರಲ್ಲಿ ಬಂತು, ನಮ್ಮದೇ ಜಿಲ್ಲೆಯ ಯಡಹಳ್ಳಿ ಚಿಂಕಾರ ಧಾಮ 2016ರಲ್ಲಿ. ಇವಕ್ಕೆ ಈ ದಾರಿ ಸಾಕು. ಕಷ್ಟ ಇರುವುದು ಹಿನ್ನೀರಿನಂಥ ಕಡೆ, ಅಲ್ಲಿ ಗೇಟೂ ಇಲ್ಲ, ಕಾವಲುಗಾರನೂ ಇಲ್ಲ. ಅದಕ್ಕೆ ಹಕ್ಕಿ ನೋಡಲು ಬರುವವರಿಗೆ ನಾವೂ ಒಂದು ಕಾರ್ಡ್ ಮಾಡೋಣ. ಹಕ್ಕಿಗೆ ಗಡಿ ಗೊತ್ತಿಲ್ಲ, ನಮ್ಮ ಕಾರ್ಡ್ ಕೂಡ ಈ ಎಲ್ಲ ಕಡೆಗೂ ಒಂದೇ ಇರಲಿ.

ವರ್ಷಕ್ಕೆ 300 ರೂಪಾಯಿ ಅಂತ ನಾನು ಹೇಳುತ್ತೇನೆ. ದೊಡ್ಡ ಲೆನ್ಸ್ ತರುವವರಿಗೆ ಜಾಸ್ತಿ ಮಾಡಿ, ಒಂದು ಲೆನ್ಸಿಗೆ ಲಕ್ಷ ಲಕ್ಷ ಕೊಟ್ಟವರಿಗೆ ಸಾವಿರ ಭಾರವಾಗುವುದಿಲ್ಲ. ಶಾಲೆ ಮಕ್ಕಳಿಗೆ ಬೇಡ. ದಂಡೆಯ ಊರಿನವರಿಗೆ ಬೇಡವೇ ಬೇಡ, ಎಮ್ಮೆ ಮೈ ತೊಳೆಯಲು ಹೋದವರ ಹತ್ತಿರ ಟಿಕೆಟ್ ಕೇಳುವ ದಿನ ಬಂದರೆ ಅದನ್ನು ವಿರೋಧಿಸಲು ನಾನೇ ಮುಂದೆ ನಿಲ್ಲುತ್ತೇನೆ. ಮತ್ತೆ ಆ ಹಣ ಬೆಂಗಳೂರಿನ ಖಜಾನೆಯಲ್ಲಿ ಕರಗಬಾರದು. 2006ರ ತಿದ್ದುಪಡಿಯಲ್ಲಿ ಹುಲಿ ಮೀಸಲು ಪ್ರದೇಶಗಳಿಗೆ ಅವುಗಳದೇ ಪ್ರತಿಷ್ಠಾನ ಮಾಡಲು ದಾರಿ ಮಾಡಿಕೊಟ್ಟರು. ನಮ್ಮ ಕೆಸರಿಗೂ ಹಾಗೆ ಒಂದು ಬೇರೆ ಖಾತೆ ಸಾಕು. ದಿನಗೂಲಿ ವಾಚರ್‌ಗೆ ಪಗಾರ, ಮೀನುಗಾರನ ಹರಿದ ಬಲೆಗೆ ಪರಿಹಾರ, ದಂಡೆಯಲ್ಲಿ ಏಣಿ, ಹಗ್ಗ, ಲೈಫ್ ಜಾಕೆಟ್.

ಕಾರ್ಡಿನಿಂದ ಇನ್ನೊಂದು ಲಾಭ ಇದೆ, ಇದು ಹಣಕ್ಕಿಂತ ದೊಡ್ಡದು. ಯಾರಾದರೂ ಕಾಣೆಯಾದರೆ ಹುಡುಕುವವರು ಕೇಳುವ ಮೊದಲ ಪ್ರಶ್ನೆ "ಯಾವ ಕಡೆ ಹೋಗಿದ್ದರು?" ಅನ್ನೋದು. ಭೀಮಗಡದ ಒಳಗೆ ಎಷ್ಟೋ ಕಡೆ ನೆಟ್‌ವರ್ಕ್ ಇಲ್ಲ, ಫೋನ್ ಇದ್ದೂ ಉಪಯೋಗವಿಲ್ಲ. ಕಾರ್ಡ್ ನಂಬರ್, ರಕ್ತದ ಗುಂಪು, ಮನೆಯವರ ಫೋನ್, ಯಾವ ದಿಕ್ಕು, ಎಷ್ಟಕ್ಕೆ ವಾಪಸ್ ಇಷ್ಟನ್ನು ಒಂದು ರಿಜಿಸ್ಟರಿನಲ್ಲಿ ಬರೆದು ಹೋದರೆ ಹುಡುಕುವ ಜಾಗ ಎಷ್ಟೋ ಚಿಕ್ಕದಾಗುತ್ತದೆ. ಆ ದಿನ ನಾನು ಹೊರಟದ್ದು ಮನೆಯಲ್ಲೂ ಯಾರಿಗೂ ಗೊತ್ತಿರಲಿಲ್ಲ.

ಸರ್ಕಾರ ಕಾರ್ಡ್ ಮಾಡುವವರೆಗೆ ಸುಮ್ನೆ ಕೂರುವುದು ಬೇಡ ಅಂತ ನಾವು ಕೆಲವು ಗೆಳೆಯರು ಸೇರಿ ಒಂದು ಅಲ್ಯೂಮಿನಿಯಂ ಏಣಿ, ಐವತ್ತು ಮೀಟರ್ ಹಗ್ಗ, ನಾಲ್ಕು ಲೈಫ್ ಜಾಕೆಟ್ ತಂದಿದ್ದೇವೆ. ಎಲ್ಲ ಕಾಕಾನ ಗುಡಿಸಲಿನಲ್ಲಿದೆ. ಪಕ್ಕದ ಚಹಾ ಅಂಗಡಿಯಲ್ಲಿ ಒಂದು ನೋಟ್‌ಬುಕ್ ಇಟ್ಟಿದ್ದೇವೆ, ಹೋಗುವವರು ಹೆಸರು ಬರೆದು ಹೋಗಬೇಕು. ಹೊರಗೆ ಮೇಜಿನ ಮೇಲೆ ಇನ್ನೊಂದು ನೋಟ್‌ಬುಕ್ ಇದೆ, 300 ಕೊಡುವವರು ಅದರಲ್ಲಿ ಬರೆಯಿರಿ, ರಸೀದಿ ಕೊಡುತ್ತೇವೆ. ಬರುವ ಭಾನುವಾರ ಬೆಳಿಗ್ಗೆ ಆರೂವರೆಗೆ ಏಣಿ ಹಾಕುವುದು ಹೇಗೆ ಅಂತ ಕಾಕಾ ದಂಡೆಯ ಮೇಲೆ ತೋರಿಸುತ್ತಾರೆ. ಹಳೆಯ ಬಟ್ಟೆ ಹಾಕಿಕೊಂಡು ಬನ್ನಿ. ಮೊದಲ ದುಡ್ಡಿನಲ್ಲಿ ಅವರಿಗೆ ಬಲೆ ಕೊಡಿಸುತ್ತೇವೆ, ಈ ಸಲ ಬೇಡ ಅನ್ನದಂತೆ ಅವರ ಮಗನನ್ನು ಆಗಲೇ ಒಪ್ಪಿಸಿದ್ದೇನೆ.