ಹಳೇ ಲೈಬ್ರರಿ ಇಟ್ಟುಕೊಳ್ಳಿ ಅನ್ನೋ ಮೊದಲು

ನಮಸ್ಕಾರ. ದಾವಣಗೆರೆಯಲ್ಲಿ ನಂದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಇವತ್ತು ಒಂದೇ ಒಂದು ಫೈಲಿನ ಬಗ್ಗೆ ಮಾತಾಡಬೇಕು. ಅದರ ಹೆಸರು ಲಿಬ್‌ಎಸ್‌ಎಸ್‌ಎಲ್ ಡಾಟ್ ಎಸ್‌ಓ ಡಾಟ್ 1.1. ಓಪನ್‌ಎಸ್‌ಎಸ್‌ಎಲ್ ಅನ್ನೋ, ಮಾಹಿತಿಯನ್ನ ಗುಟ್ಟಾಗಿ ಕಳಿಸುವ ಲೈಬ್ರರಿಯ ಫೈಲ್ ಅದು. ಲೈಬ್ರರಿ ಅಂದರೆ ಬೇರೆ ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಸಿದ್ಧ ಕೋಡು.

2023ರ ಮೆಕ್ಕೆಜೋಳದ ಸೀಸನ್. ಒಂದು ಮಂಡಿಯ ವೇ ಬ್ರಿಡ್ಜ್ ಕಂಪ್ಯೂಟರನ್ನ ನಾನೇ ನೋಡಿಕೊಳ್ಳುತ್ತೇನೆ. ಅದರಲ್ಲಿ ಡೆಬಿಯನ್ ಹಾಕಿದ್ದೇನೆ, ವಾಲಂಟಿಯರ್‌ಗಳು ಕಟ್ಟುವ ಲಿನಕ್ಸ್ ಆಪರೇಟಿಂಗ್ ಸಿಸ್ಟಂ. ಹಿಂದಿನ ರಾತ್ರಿ ಡೆಬಿಯನ್ 11ರಿಂದ ಡೆಬಿಯನ್ 12ಕ್ಕೆ ಅಪ್‌ಗ್ರೇಡ್ ಮಾಡಿ, ಕೊನೆಗೆ ಬೇಡದ ಪ್ಯಾಕೇಜ್‌ಗಳನ್ನ ತೆಗೆಯುವ ಆಟೋರಿಮೂವ್ ಕಮಾಂಡ್ ಕೊಟ್ಟು ಮನೆಗೆ ಬಂದಿದ್ದೆ. ಬೆಳಿಗ್ಗೆ ಏಳಕ್ಕೇ ಸಾಹುಕಾರರ ಫೋನ್. "ತಮ್ಮಾ, ಲಾರಿ ಕಾಟಾ ಮೇಲೆ ನಿಂತೈತಿ, ಚೀಟಿ ಬರ್ತಿಲ್ಲ. ನಿನ್ನೆ ಸರಿ ಇತ್ತಲ್ಲ, ಏನಾತು?"

ಹೋಗಿ ನೋಡಿದರೆ ಲಾರಿ ಹಿಂದೆ ಟ್ರ್ಯಾಕ್ಟರ್‌ಗಳ ಸಾಲು. ಹಮಾಲರು ಸುಮ್ನೆ ಕೂತಿದ್ದಾರೆ. ಗುಮಾಸ್ತರು ತೂಕದ ಚೀಟಿಯನ್ನ ಕೈಯಲ್ಲೇ ಬರೆಯುತ್ತಿದ್ದಾರೆ. ಸ್ಕ್ರೀನ್ ಮೇಲೆ ಒಂದೇ ಸಾಲು: ಆ ಫೈಲ್ ಸಿಗುತ್ತಿಲ್ಲ.

ಆಗಿದ್ದಿಷ್ಟು. ಚೀಟಿಯ ಪ್ರೋಗ್ರಾಂ ಲೈಬ್ರರಿಯನ್ನ ಹೆಸರು ಹಿಡಿದು ಕೇಳುತ್ತದೆ. ಡೆಬಿಯನ್ 12ರಲ್ಲಿರುವುದು ಓಪನ್‌ಎಸ್‌ಎಸ್‌ಎಲ್ 3, ಅದರ ಫೈಲಿನ ಹೆಸರು ಬೇರೆ. ಅಪ್‌ಗ್ರೇಡ್ ಆದಮೇಲೂ ಹಳೆಯದು ಡಿಸ್ಕ್‌ನಲ್ಲೇ ಇತ್ತು. ಆದರೆ ಚೀಟಿಯ ಪ್ರೋಗ್ರಾಂ ಡೆಬಿಯನ್ ಪ್ಯಾಕೇಜ್ ಅಲ್ಲ, ಹೊರಗಿನವರು ಕೊಟ್ಟಿದ್ದು. ಹಾಗಾಗಿ ಆ ಲೈಬ್ರರಿ ಇನ್ನೂ ಬೇಕು ಅನ್ನೋದು ಪ್ಯಾಕೇಜ್‌ಗಳನ್ನ ಹಾಕಿ ತೆಗೆಯುವ ಆಪ್ಟ್‌ಗೆ ಗೊತ್ತಿಲ್ಲ. ಯಾರಿಗೂ ಬೇಡ ಅಂತ ತೆಗೆದುಹಾಕಿತು. ಹೊಸ ಫೈಲಿಗೇ ಹಳೇ ಹೆಸರಿನ ಲಿಂಕ್ ಕೊಟ್ಟು ನೋಡಿದೆ. ಒಳಗಿನ ವರ್ಷನ್ ಗುರುತು ಸಿಗಲಿಲ್ಲ ಅಂತ ಅದೂ ನಿಂತಿತು.

ಆಗ ಸಿಟ್ಟು ಬಂದಿದ್ದು ನಿಜ. ಕೆಲವೇ ಎಂಬಿ ಫೈಲ್, ಅದನ್ನ ಇಟ್ಟುಕೊಂಡರೆ ಡೆಬಿಯನ್‌ನವರ ಗಂಟೇನು ಹೋಗುತ್ತಿತ್ತು ಅಂತ. ಇವತ್ತು ಹಾಗೆ ಅನ್ನಲಾರೆ. ಹಳೇ ಪ್ರೋಗ್ರಾಂಗಳಿಗೋಸ್ಕರ ಉಳಿಸುವ ಲೈಬ್ರರಿಗೆ ಕಂಪ್ಯಾಟ್ ಪ್ಯಾಕೇಜ್ ಅಂತಾರೆ. ಅದರಲ್ಲಿ ಎರಡು ಜಾತಿ ಇದೆ. ನಾನು ಎರಡನ್ನೂ ಒಂದೇ ಅಂದುಕೊಂಡಿದ್ದೆ.

ಇದೇ ಡೆಬಿಯನ್ 12ರಲ್ಲಿ ಲಿಬ್‌ಟಿನ್ಫೋ5 ಅನ್ನೋ ಲೈಬ್ರರಿ ಇತ್ತು. ಹೆಸರು ಹಳೇದು, ಆದರೆ ಅದನ್ನ ಕಟ್ಟಿದ್ದು ಟರ್ಮಿನಲ್ ಸ್ಕ್ರೀನ್ ನೋಡಿಕೊಳ್ಳುವ ಎನ್‌ಕರ್ಸಸ್‌ನ ಹೊಸ ಸೋರ್ಸ್‌ನಿಂದಲೇ, ಅಂದರೆ ಹೊಸ ಮೂಲ ಕೋಡಿನಿಂದಲೇ. ಒಂದೇ ಹಿಟ್ಟಿನಲ್ಲಿ ಹೊಸ ಅಚ್ಚಿಗೂ ಹಳೇ ಅಚ್ಚಿಗೂ ಹಾಕಿದಂತೆ. ಹೊಸದರಲ್ಲಿ ತಪ್ಪು ತಿದ್ದಿದರೆ ಹಳೇದಕ್ಕೂ ಆ ತಿದ್ದುಪಡಿ ಸಿಗುತ್ತದೆ. ಫೆಡೋರಾ ಅನ್ನೋ ಇನ್ನೊಂದು ಲಿನಕ್ಸ್‌ನ ಲಿಬ್‌ಎಕ್ಸ್‌ಕ್ರಿಪ್ಟ್-ಕಂಪ್ಯಾಟ್ ಕೂಡ ಇದೇ ಥರ. ಇಂಥವನ್ನ ಜಾಸ್ತಿ ದಿನ ಉಳಿಸಿ ಅಂತ ನಾವು ಧೈರ್ಯವಾಗಿ ಕೇಳಬಹುದು.

ಓಪನ್‌ಎಸ್‌ಎಸ್‌ಎಲ್ 1.1 ಹಾಗಲ್ಲ. ಅದರ ಸೋರ್ಸೇ ಬೇರೆ. 1.1.1ಕ್ಕೆ 2023ರ ಸೆಪ್ಟೆಂಬರ್ 11ರಿಂದ ಬಿಟ್ಟಿ ತಿದ್ದುಪಡಿ ನಿಂತಿದೆ, ಆಮೇಲೇನಿದ್ದರೂ ದುಡ್ಡು ಕೊಟ್ಟವರಿಗೆ ಮಾತ್ರ. ನಮ್ಮ ಪಾಸ್‌ವರ್ಡು, ಲೆಕ್ಕ, ಎಲ್ಲಾ ಹಾದುಹೋಗುವ ಲೈಬ್ರರಿ ಅದು. 2014ರಲ್ಲಿ ಇದೇ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಸಿಕ್ಕ, ಗುಟ್ಟು ಸೋರಿಸುತ್ತಿದ್ದ ಹಾರ್ಟ್‌ಬ್ಲೀಡ್ ಅನ್ನೋ ತೂತು ನೆನಪಿರಬೇಕು ಅಲ್ವಾ? ಅಂಥದ್ದು ಇನ್ನೊಂದು ಬಂದರೆ ಹಳೇ ಕೋಡಿಗೆ ತೇಪೆ ಹಾಕೋರು ಯಾರು? ಸಂಬಳವಿಲ್ಲದೆ, ರಾತ್ರಿ ಕೆಲಸ ಮುಗಿಸಿ ಬಂದು ಕೂರುವ ಒಬ್ಬ ವಾಲಂಟಿಯರ್. ಅವರ ಮೇಲೆ ಅದನ್ನ ಹೊರಿಸೋದು ನನಗೆ ಸರಿ ಕಾಣಲ್ಲ. ಫೈಲ್ ಕುಗ್ಗಿಸುವ ಎಕ್ಸ್‌ಝಡ್ ಅನ್ನೋ ಪ್ರೋಗ್ರಾಂ ವಿಷಯದಲ್ಲಿ ನೋಡಿದೆವಲ್ಲ. ಅದನ್ನ ನೋಡಿಕೊಳ್ಳುತ್ತಾ ದಣಿದಿದ್ದ ಒಬ್ಬ ಮೇಂಟೇನರ್‌ಗೆ ಬೇಗ ಮಾಡಿ, ಆಗದಿದ್ದರೆ ಬೇರೆಯವರಿಗೆ ಬಿಡಿ ಅಂತ ಒತ್ತಡ ಹಾಕಿದರು. ಸಹಾಯಕ್ಕೆ ಅಂತ ಬಂದವರೇ ಕಳ್ಳಬಾಗಿಲು ಇಟ್ಟಿದ್ದು 2024ರ ಮಾರ್ಚ್‌ನಲ್ಲಿ ಬಯಲಾಯಿತು.

ಹಾಗಂತ ಡೆಬಿಯನ್‌ನವರಿಗೆ ಹಳೇ ಬಳಕೆದಾರರ ಚಿಂತೆ ಇಲ್ಲ ಅನ್ನಬೇಡಿ. ಹಳೇ ಪ್ರೋಗ್ರಾಂಗಳು ಸೆಕೆಂಡ್ ಎಣಿಸುವ 32 ಬಿಟ್ ಗಡಿಯಾರದ ಎಣಿಕೆ 2038ರ ಜನವರಿ 19ಕ್ಕೆ ಮುಗಿಯುತ್ತದೆ, ನಮ್ಮ ಟೈಮಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷಕ್ಕೆ. ಅದಕ್ಕೆ 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಆರ್ಮ್ ಪ್ರೊಸೆಸರ್‌ಗಳಿಗೆ 64 ಬಿಟ್ ಸಮಯ ತಂದರು. ಎಷ್ಟೋ ಲೈಬ್ರರಿಗಳ ಹೆಸರಿಗೆ ಟಿ64 ಅಂತ ಬಾಲ ಬಂತು. ಆದರೆ ಇಂಟೆಲ್ ಥರದ 32 ಬಿಟ್ ಪಿಸಿಗಳ ಐ386 ಅನ್ನು ಬೇಕಂತಲೇ ಹಾಗೇ ಬಿಟ್ಟರು. ಅದನ್ನ ಉಳಿಸಿರುವುದೇ ಹಳೇ ಬೈನರಿಗಳು, ಅಂದರೆ ಆಗಲೇ ಕಟ್ಟಿ ಮುಗಿದ ಪ್ರೋಗ್ರಾಂಗಳು ಓಡಲಿ ಅಂತ, ಅಲ್ಲಿ ಸಮಯ ಬದಲಿಸಿದರೆ ಅವೇ ಕೆಡುತ್ತವೆ. ಎಷ್ಟು ಯೋಚನೆ ಮಾಡಿರಬೇಕು ನೋಡಿ!

ಮಂಡಿಯಲ್ಲಿ ಕೊನೆಗೆ ನಾನು ಮಾಡಿದ್ದು ಇಷ್ಟು. ಡೆಬಿಯನ್ 11ನ್ನ ಒಂದು ಕಂಟೇನರ್‌ನಲ್ಲಿ, ಅಂದರೆ ಅದೇ ಮೆಷಿನ್‌ನೊಳಗೆ ಬೇರೆ ಮಾಡಿಟ್ಟ ಜಾಗದಲ್ಲಿ ಹಾಕಿ, ಚೀಟಿಯ ಪ್ರೋಗ್ರಾಂ ಒಂದನ್ನೇ ಅದರೊಳಗೆ ಓಡಿಸಿದೆ. 11ಕ್ಕೆ ಆಗಿನ್ನೂ ತಿದ್ದುಪಡಿ ಬರುತ್ತಿತ್ತು. ರೆಗ್ಯುಲರ್ ಸಪೋರ್ಟ್ ಮುಗಿದ ಮೇಲೂ ಎಲ್‌ಟಿಎಸ್ (ದೀರ್ಘಾವಧಿ ಸಪೋರ್ಟ್) ಅಂತ 2026ರ ಆಗಸ್ಟ್ 31ರ ತನಕ ಇಟ್ಟರು. ಅದನ್ನ ನೋಡಿಕೊಳ್ಳುವುದು ಬೇರೆಯೇ ತಂಡ, ಖರ್ಚು ಹಾಕುವುದು ಹಳೆಯದು ಬೇಕಾದ ಕಂಪನಿಗಳು. ಬೇಕಾದವರೇ ಹೊರೆ ಹೊರುವ ಈ ಏರ್ಪಾಡು ನನಗೆ ತುಂಬಾ ಹಿಡಿಸಿತು.

ಚೀಟಿಯ ಪ್ರೋಗ್ರಾಂ ಕೊಟ್ಟವರಿಗೆ ಸಾಹುಕಾರರ ಕೈಯಿಂದಲೇ ಫೋನ್ ಮಾಡಿಸಿದೆ. ಹೊಸ ಲೈಬ್ರರಿಗೆ ಕಟ್ಟಿದ ವರ್ಷನ್ ಮೂರು ವಾರಕ್ಕೆ ಬಂತು. ಅವತ್ತೇ ಕಂಟೇನರ್ ಅಳಿಸಿದೆ. ಈಗ ಯಾವ ಅಂಗಡಿಯ ಮೆಷಿನ್ ಅಪ್‌ಗ್ರೇಡ್ ಮಾಡಬೇಕಾದರೂ, ಹೊರಗಿನಿಂದ ತಂದ ಒಂದೊಂದು ಪ್ರೋಗ್ರಾಂ ಮೇಲೂ ಮೊದಲು ಎಲ್‌ಡಿಡಿ ಅನ್ನೋ ಕಮಾಂಡ್ ಓಡಿಸಿ, ಅದು ಕೇಳುವ ಲೈಬ್ರರಿಗಳ ಹೆಸರನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ.